ಹೊಲಿಗೆ ಮಿಸ್‌ನ ಇಂಗ್ಲಿಷ್ ಪೀರಿಯಡ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಏಳನೇ ತರಗತಿಯ ಕೋಣೆಯಲ್ಲಿ ಹೊಲಿಗೆ ಮಿಸ್ ಒಬ್ಬರೇ ಇದ್ದಾರೆ. ತುಟಿಗಳ ನಡುವೆ ಗುಂಡುಸೂಜಿ, ಕೈಯಲ್ಲಿ ಕಾಗದದ ಪಟ್ಟಿ. ಅದರ ಮೇಲೆ 'ವೆನ್ ದ ಕಿಂಗ್ ಓಪನ್ಡ್ ದ ಡೋರ್' ಎಂದು ದಪ್ಪಕ್ಷರದಲ್ಲಿ ಬರೆದಿದೆ. ಪಟ್ಟಿಯನ್ನು ಕಿಟಕಿಯ ಪರದೆಗೆ ಚುಚ್ಚಿ, ಹಿಂದೆ ಸರಿದು, ತಲೆ ವಾಲಿಸಿ ನೋಡುತ್ತಾರೆ. ಇದು ಅಧೀನ ಉಪವಾಕ್ಯ, ಅಂದರೆ ಒಂಟಿಯಾಗಿ ನಿಲ್ಲಲಾರದ ವಾಕ್ಯದ ತುಂಡು.

"ನಿಲ್ಲಲ್ಲ ಅಂತ ಪುಸ್ತಕ ಹೇಳತ್ತೆ. ಇಲ್ಲಿ ನೋಡಿದ್ರೆ ಆರಾಮಾಗಿ ನಿಂತಿದೆಯಲ್ಲ!"

ಮಕ್ಕಳಿಗೆ ಗುಂಡಿ ಹಚ್ಚುವುದು, ಅಂಚು ಮಡಿಸುವುದು ಹೇಳಿಕೊಡುತ್ತಾ ಕೂದಲು ನರೆತವರು ಇವರು. ಇಂಗ್ಲಿಷ್ ಮಿಸ್ ಹೆರಿಗೆ ರಜೆಗೆ ಹೋದದ್ದೇ ತಡ, ಈ ತರಗತಿ ಇವರ ತಲೆಗೆ ಬಂತು. ಕೈಲಾಗಲ್ಲ ಎಂದು ಹೆಡ್‌ಮಿಸ್ ಹತ್ತಿರ ಗೋಳಾಡಿದ್ದಕ್ಕೆ ಇವತ್ತು ಅವರೇ ಪಾಠ ನೋಡಲು ಬರುತ್ತಿದ್ದಾರೆ. ಹೊಲಿಗೆ ಮಿಸ್ ಈ ತರಗತಿಯಲ್ಲಿ ಇರಬೇಕೋ ಬಿಡಬೇಕೋ, ಇವತ್ತೇ ತೀರ್ಮಾನ.

"ಬಿಡಿಸಿದ್ರೆ ಬದುಕಿದೆ ಅನ್ಸತ್ತೆ. ಬಿಡಿಸೇಬಿಟ್ರೆ ಅಂತ ಬೇಜಾರೂ ಆಗತ್ತೆ. ನನಗೇನು ಬೇಕು ಅಂತ ನನಗೇ ಗೊತ್ತಾಗ್ತಿಲ್ಲ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಗಂಟೆ ಹೊಡೆದು ಮಕ್ಕಳೆಲ್ಲ ಬಂದಾಗ ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಹೊಲಿಗೆ ಮಿಸ್ ಬಳಿ ಒಂದು ಉಪಾಯವಿದೆ: ಕಥೆಯ ಹಾಗೆ ಓದಿ ನಿಲ್ಲಿಸುವುದು, ಮಕ್ಕಳು 'ಆಮೇಲೆ?' ಅಂದರೆ ಅದು ಅರ್ಧ ವಾಕ್ಯ. ಪರದೆಯ ಪಟ್ಟಿ ಓದುತ್ತಾರೆ.

"ಆಮೇಲೆ?" ಇಡೀ ತರಗತಿ ಕೂಗುತ್ತದೆ.

ಮಿಸ್ ಹಿಗ್ಗಿ ಹೀರೇಕಾಯಿ. ಈಗ ಪೂರ್ತಿ ವಾಕ್ಯದ ಸರದಿ. "ದ ಕಿಂಗ್ ಡೈಡ್."

"ಆಮೇಲೆ?"

"ಆಮೇಲೇನ್ರೋ! ರಾಜ ಸತ್ತ, ವಾಕ್ಯ ಮುಗೀತು."

"ರಾಣಿ ಏನ್ ಮಾಡಿದ್ಳು ಮಿಸ್?"

ಉಪಾಯ ಕೈಕೊಟ್ಟಿತು. ಅಷ್ಟರಲ್ಲಿ ಎರಡು ಜಡೆಯ ಹುಡುಗಿ ಎದ್ದು ಪರದೆ ತೋರಿಸುತ್ತಾಳೆ. "ಇದ್ರಲ್ಲೂ ರಾಜ ಇದಾನೆ, ಬಾಗಿಲು ತೆಗೆದಿದಾನೆ. ಮತ್ತೆ ಇದ್ಯಾಕೆ ಅರ್ಧ?"

"ನನಗೂ ಅಲ್ಲೇ ಸಿಕ್ಕಿಕೊಂಡಿದೆ ಕಣೇ," ಎಂದುಬಿಡುತ್ತಾರೆ ಮಿಸ್, ಹೆಡ್‌ಮಿಸ್ ಎದುರಿಗೇ. ಆಮೇಲೆ ಏನು ತೋಚಿತೋ, ಪಟ್ಟಿಯ ತುದಿ ಮಡಿಸಿ 'ವೆನ್' ಕಾಣದ ಹಾಗೆ ಸೂಜಿ ಚುಚ್ಚುತ್ತಾರೆ.

'ದ ಕಿಂಗ್ ಓಪನ್ಡ್ ದ ಡೋರ್.'

"ಈಗ ಪೂರ್ತಿ ಆಯ್ತು!" ಎರಡು ಜಡೆಯವಳ ಕಣ್ಣು ಅರಳುತ್ತದೆ. "ಅರ್ಧ ಮಾಡಿದ್ದು ವೆನ್ನಾ?"

"ಹಾಗೇ ಕಾಣತ್ತೆ. ಇನ್ನೊಂದು ವಾಕ್ಯ ಬರೆದು ಮಡಿಸಿ ನೋಡೋಣ, ತಡಿ."

ತರಗತಿಯಲ್ಲಿ ಕೆಲವರು ತಲೆಯಾಡಿಸುತ್ತಾರೆ, ಕೆಲವರು ತಲೆ ಕೆರೆಯುತ್ತಾರೆ. ಗಂಟೆ ಹೊಡೆಯುತ್ತದೆ. ಹೆಡ್‌ಮಿಸ್ ಮುಂದೆ ಬಂದು ಮೆಲ್ಲಗೆ ಕೇಳುತ್ತಾರೆ, "ಅರ್ಧಂಬರ್ಧ ಅರ್ಥ ಆಗಿದೆ ಮಕ್ಕಳಿಗೆ. ನಾಳೆಯಿಂದ ಬೇರೆಯವರನ್ನ ಕಳಿಸ್ಲಾ?"

ಮಿಸ್ ಸೆರಗು ಸರಿಮಾಡಿಕೊಳ್ಳುತ್ತಾರೆ.

"ಬೇಡ ಮೇಡಂ. ನನಗೂ ಅಷ್ಟೇ ಅರ್ಥ ಆಗಿರೋದು. ಇವರ ಜೊತೆನೇ ಕಲಿತುಬಿಡ್ತೀನಿ."