ಕರ್ಪೂರ ಮುಟ್ಟದೆ ಓಬಳೇಶ ಹೇಳಿದ ಸುಳ್ಳು

ರಾಂಪುರದ ಪಕ್ಕದ ನಮ್ಮೂರಿನಲ್ಲಿ ನನ್ನ ತಮ್ಮ ಓಬಳೇಶ ಒಂದು ಪಾರ್ಟಿಯ ಬಾವುಟ ಹಿಡಿದರೆ, ಗೊಬ್ಬರದಂಗಡಿಯ ಮಹಾಂತೇಶ ಇನ್ನೊಂದರದು. ಹೋದ ಚುನಾವಣೆಯಲ್ಲಿ ಬೂತಿನ ಮುಂದೆ ಒಬ್ಬರ ಅಂಗಿ ಒಬ್ಬರು ಹರಿದಿದ್ದರು. ಕುಡಿತ ಮಾತ್ರ ಇಬ್ಬರಿಗೂ ಇತ್ತು. ನನ್ನ ತಮ್ಮನದು ನಡುಬೀದಿಯಲ್ಲಿ, ಅವನದು ಗೋದಾಮಿನಲ್ಲಿ ಕದ್ದು.

ಚಳ್ಳಕೆರೆಯಲ್ಲಿ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿದಾಗ ಇಬ್ಬರಿಗೂ ಅಕ್ಕಪಕ್ಕದ ಮಂಚ ಸಿಕ್ಕಿತು. ಮೊದಮೊದಲು ಬೆನ್ನು ತಿರುಗಿಸಿ ಮಲಗಿದರಂತೆ. ಒಂದು ದಿನ ಕೈ ನಡುಗಿ ಅನ್ನ ಕಲೆಸಲಾರದೆ ನನ್ನ ತಮ್ಮ ಅಳುತ್ತ ಕೂತಾಗ, ಮಹಾಂತೇಶನೇ ಕಲೆಸಿ ತುತ್ತು ಕೊಟ್ಟನಂತೆ. ಒಡಹುಟ್ಟಿದ ನಾನೂ ಅಷ್ಟು ಮಾಡಿರಲಿಲ್ಲ.

ಊರಿಗೆ ಬಂದ ಮೇಲೆ ದಿನಾ ಸಂಜೆ, ಕುಡಿಯಬೇಕೆಂದು ಜೀವ ಎಳೆಯುವ ಹೊತ್ತಿಗೆ, ಇಬ್ಬರೂ ನಮ್ಮ ಹಿತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಂಡಕ್ಕಿ ತಿನ್ನುತ್ತ ಕೂರುತ್ತಿದ್ದರು. ಮಹಾಂತೇಶ ಚಳ್ಳಕೆರೆಗೆ ಹೋಗುವಾಗ ಸೊಂಟದ ಚಿಕಿತ್ಸೆಗೆಂದು ಊರಿಗೆಲ್ಲ ಹೇಳಿದ್ದ. ಅವನ ಮಗಳು ಐಶ್ವರ್ಯಳಿಗೆ ಗಂಡು ಗೊತ್ತಾಗಿತ್ತು. ಕುಡುಕನ ಮಗಳೆಂದು ತಿಳಿದರೆ ಬೀಗರು ಸಂಬಂಧ ಮುರಿಯುತ್ತಿದ್ದರು.

ಮತ್ತೆ ಚುನಾವಣೆ ಬಂತು. ಈ ಪಾರ್ಟಿಗಳ ಬಾಯಿಗೆ ಮಣ್ಣು ಹಾಕ. ತಮ್ಮನ ಪಾರ್ಟಿಯ ಮುಖಂಡ ಬೊಮ್ಮಲಿಂಗಪ್ಪ ಅವನನ್ನು ಗುಡಿಗೆ ಕರೆಸಿದ. ನಮ್ಮಲ್ಲಿ ಅನುಮಾನ ಬಂದರೆ ದೇವರ ಮುಂದೆ ಕರ್ಪೂರ ಹಚ್ಚಿ, ಉರಿ ಮುಟ್ಟಿ ಆಣೆ ಮಾಡಿಸುತ್ತಾರೆ. ಸುಳ್ಳಾಡಿದರೆ ಮನೆ ಹಾಳು.

"ಬಾಗ್ಲು ಹಾಕ್ಕೊಂಡು ಅವನ ಜೊತೆ ಏನ್ ಮಾತಾಡ್ತೀಯ? ಮುಟ್ಟಿ ಹೇಳಲೇ," ಎಂದ.

ಅತ್ತ ದರಿ ಇತ್ತ ಪುಲಿ. ನಿಜ ಹೇಳಿದರೆ ಐಶ್ವರ್ಯಳ ಮದುವೆ ಹೋಯಿತು, ಸುಳ್ಳು ಹೇಳಿದರೆ ದೇವರು ಬಿಡುವುದಿಲ್ಲ. ನನ್ನ ತಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು, ಉರಿ ಮುಟ್ಟದೆ ಹೇಳಿದ: "ನಾನು ಅವರ ಪಾರ್ಟಿ ಸೇರೀನಿ." ಮುಟ್ಟದೆ ಆಡಿದ್ದು ಆಣೆಯಲ್ಲ ಎಂದುಕೊಂಡ, ಪೆದ್ದ.

ಮಾರನೆಯ ದಿನವೇ ಸುದ್ದಿ ತಿಳಿದು ಮಹಾಂತೇಶನ ಪಾರ್ಟಿಯವರು ಬಂದು ಅವನನ್ನು ತೋಟದ ಬಾಡೂಟಕ್ಕೆ ಎಳೆದುಕೊಂಡು ಹೋದರು. ಮಹಾಂತೇಶನ ಕೈಯಲ್ಲೇ ಶಾಲು ಹೊದಿಸಿದರು. ಆಮೇಲೆ ಗ್ಲಾಸು ತುಂಬಿಸಿ ಅವನ ಮುಂದೆ ಹಿಡಿದರು. ಬೇಡವೆಂದರೆ, ನೀನಿನ್ನೂ ಆ ಕಡೆಯವನೇ ಎಂದು ಹಂಗಿಸಿದರು. ಕಡೆಗೆ ನನ್ನ ತಮ್ಮ ಕೈ ಚಾಚಿಯೇಬಿಟ್ಟ.

ಮಹಾಂತೇಶ ಆ ಗ್ಲಾಸು ಕಿತ್ತು ನೆಲಕ್ಕೆ ಸುರಿದ. "ಇವನಿಗೆ ಕೊಡಬ್ಯಾಡ್ರಿ. ನಾವಿಬ್ರೂ ಕುಡಿದು ಕೆಟ್ಟವ್ರು. ಚಳ್ಳಕೆರೆ ಕೇಂದ್ರದಾಗೆ ಒಟ್ಟಿಗೇ ಇದ್ವಿ. ನನ್ನ ಸೊಂಟಕ್ಕೆ ಏನೂ ಆಗಿರಲಿಲ್ಲ."

ಮಾತು ಬೀಗರ ಕಿವಿಗೆ ಬಿದ್ದದ್ದೇ ತಡ, ಮದುವೆ ಮುರಿಯಿತು.

ಆ ಸಂಜೆ ಮಹಾಂತೇಶ ನಮ್ಮ ಮನೆಗೆ ಬರಲಿಲ್ಲ. ಹುಡುಕುತ್ತ ಹೋದ ತಮ್ಮನಿಗೆ ಅವನು ಬಾರಿನ ಎದುರು ಕಟ್ಟೆಯ ಮೇಲೆ ಕಂಡ. ಇನ್ನೂ ಒಳಗೆ ಹೋಗಿರಲಿಲ್ಲ.

"ಮಾಂತಣ್ಣ, ಏಳು, ಹೋಗಾನ."

"ಎಲ್ಲಿಗಲೇ ಓಬಳೇಶ? ಮನೇಲಿ ಮಗಳು ಅಳ್ತಾ ಕುಂತೈತೆ."

ನನ್ನ ತಮ್ಮ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡ. ಬಾರಿನ ಬಾಗಿಲು ಹಾಕುವವರೆಗೂ ಬಿಡಲಿಲ್ಲವಂತೆ.