ಮುಂದು ಹಿಂದಿಲ್ಲದ ತೆಪ್ಪ

ಇಲ್ಲಿನ ದೋಣಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಕನ್ನಂಬಾಡಿ ಹಿನ್ನೀರಿನ ದಡದಲ್ಲಿ ಅದನ್ನು ಮೊದಲ ಸಲ ಕಂಡಾಗ, ಯಾರೋ ದೊಡ್ಡದೊಂದು ಬುಟ್ಟಿಯನ್ನು ಕವುಚಿ ಹಾಕಿ ಮರೆತುಹೋಗಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಅದರಡಿಯಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿ, ಮೀನು ಬೇಕಾ ಎಂದು ಕೇಳಿದಳು. ಬಿಸಿಲೇರಿದ ಮೇಲೆ ಅದು ಅವಳಿಗೆ ಚಪ್ಪರ, ಬೆಳಗಾದರೆ ದೋಣಿ. ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ, ಡಾಂಬರು ಬಳಿದ ಇದಕ್ಕೆ ಇಲ್ಲಿಯವರು ತೆಪ್ಪ ಎನ್ನುತ್ತಾರೆ.

"ಇದ್ ದೋಣಿಯಾ? ಹೆಡ್ಗಿ ಮಾರಾಯ್ತಿ," ಎಂದು ನಮ್ಮವರು, ನನ್ನ ಗಂಡ, ಮೆಲ್ಲಗೆ ಹೇಳಿ ಮುಖ ತಿರುಗಿಸಿದರು. ಹೆಡಿಗೆ ಅಂದರೆ ನಮ್ಮಲ್ಲಿ ಗೊಬ್ಬರ ಹೊರುವ ಬುಟ್ಟಿ. ಅವರು ಅಷ್ಟು ಹಗುರವಾಗಿ ಮಾತಾಡಿದ್ದಕ್ಕೆ ಕಾರಣವಿದೆ. ಕರಾವಳಿಯ ಗಂಗೊಳ್ಳಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೋಣಿ ನಡೆಸಿದ ತಾಂಡೇಲರು ಅವರು. ಒಂದು ದಿನ ಬಲೆ ಎಳೆಯುವಾಗ ಬೆನ್ನು ಹಿಡಿಯಿತು. ಇನ್ನು ಅಲೆಯ ಹೊಡೆತ ತಿಂದರೆ ನಡೆಯುವುದೇ ಕಷ್ಟ ಎಂದರು ಡಾಕ್ಟರು. ಮೈಸೂರಿನ ವಿಜಯನಗರದಲ್ಲಿ ಮೀನೂಟದ ಸಣ್ಣ ಹೋಟೆಲು ಇಟ್ಟಿರುವ ನನ್ನ ತಮ್ಮ, ಅಡುಗೆಮನೆ ನೋಡಿಕೋ ಬಾ ಎಂದು ಕರೆದ. ನಮ್ಮವರೂ ಬಂದರು, ಆದರೆ ಒಂದು ಮಾತು ಹೇಳಿಯೇ ಬಸ್ಸು ಹತ್ತಿದರು: ಮಳೆಗಾಲ ಕಳೆದು ದೋಣಿ ಇಳಿಯುವ ದಿನ ತಾನು ವಾಪಸು. ಆ ಬೇಸಿಗೆಯಿಡೀ ಮಸಾಲೆ ಅರೆಯುವಾಗ ಆ ಮಾತು ನನ್ನ ಪಕ್ಕದಲ್ಲೇ ಕೂತಿರುತ್ತಿತ್ತು.

ಮೈಸೂರು ಒಳ್ಳೆಯ ಊರು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿನ ಗಾಳಿಗೆ ಉಪ್ಪಿಲ್ಲ. ಒಗೆದ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುವುದಿಲ್ಲ, ಕಿಟಕಿಯ ಸರಳು ತುಕ್ಕು ಹಿಡಿಯುವುದಿಲ್ಲ. ದಾರಿ ಕೇಳಿದರೆ ಜನ ಕೈ ತೋರಿಸಿ ಸುಮ್ಮನಾಗದೆ ತಿರುವಿನವರೆಗೆ ಜೊತೆಗೇ ನಡೆದು ಬರುತ್ತಾರೆ. ಮಾತು ಮಾತ್ರ ಮೊದಮೊದಲು ಜಗಳದ ಹಾಗೆ ಕೇಳಿಸಿತು. "ಬಂದ್ಬುಡಿ, ತಿಂದ್ಬುಡಿ" ಎಂದು ಅವರು ಅಂದರೆ ಅದು ಗದರಿಕೆಯಲ್ಲ, ಉಪಚಾರ ಎಂದು ತಿಳಿಯಲು ವಾರಗಳೇ ಬೇಕಾದವು. ಕಡಲಿನ ಸದ್ದಿಲ್ಲದೆ ನಿದ್ದೆ ಬರುವುದಂತೂ ಇನ್ನೂ ತಡ. ನಮ್ಮವರು ಸಂಜೆ ತಾರಸಿ ಹತ್ತಿ, ಚಾಮುಂಡಿ ಬೆಟ್ಟಕ್ಕೆ ಬೆನ್ನು ಹಾಕಿ, ಪಡುವಣ ದಿಕ್ಕಿಗೆ ಮುಖ ಮಾಡಿ ಗಾಳಿ ನೋಡುತ್ತಿದ್ದರು.

ಬೇಸಿಗೆಯಲ್ಲಿ ನಮ್ಮ ಕಡೆಯಿಂದ ಐಸಿನಲ್ಲಿ ಬರುವ ಬಂಗುಡೆಯ ಹೊಟ್ಟೆ ದಾರಿಯಲ್ಲೇ ಒಡೆದಿರುತ್ತದೆ. ಅದಕ್ಕೆ ತಮ್ಮ ಕನ್ನಂಬಾಡಿ ಕಟ್ಟೆಯ ಕಾಟ್ಲಾ ಮೀನು ತಂದುಕೊಟ್ಟ. ಎಮ್ಮೆಕರುವಿನಂಥ ತಲೆ, ರೂಪಾಯಿಯಷ್ಟಗಲ ಹುರುಪೆ. ಬಂಗುಡೆಗೆ ಮಾಡುವ ಹಾಗೇ ಎರಡು ನೀರಿನಲ್ಲಿ ತೊಳೆದು, ಕಾಯಿ ಮಸಾಲೆಗೆ ಬಿಟ್ಟೆ. ಕಡಲಿನ ಮೀನಿಗೆ ಅಷ್ಟೇ ತಾನೇ, ಹೆಚ್ಚು ತೊಳೆದರೆ ರುಚಿ ಹೋಗುತ್ತದೆ. ನಮ್ಮವರು ಒಂದು ತುತ್ತು ಬಾಯಿಗಿಟ್ಟು ಬಟ್ಟಲು ಸರಿಸಿದರು. ಕೆಸರಿನ ವಾಸನೆಯಂತೆ. ಹೋಟೆಲಿಗೆ ಬಂದವರೂ ಹೋಳು ಬಿಟ್ಟು ಸಾರು ಮಾತ್ರ ಉಂಡರು. ಮೀನಿನವರ ಮನೆಯಲ್ಲಿ ಹುಟ್ಟಿದ ನನ್ನ ಅಡುಗೆಗೆ ಹೀಗಾಗಿದ್ದು ಇದೇ ಮೊದಲು.

ಹಾಗಾಗಿಯೇ ನಾವಿಬ್ಬರೂ ಆ ದಡಕ್ಕೆ ಹೋದದ್ದು. ತೆಪ್ಪದಡಿಯಿಂದ ಎದ್ದು ಬಂದವಳು ಶಿವಮ್ಮ. ನನ್ನ ಫಜೀತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಲ್ಲೇ ಒಂದು ಮೀನು ಕೊಯ್ದು, ಒಳಗಿನ ಕಪ್ಪು ಪೊರೆ ಕಿತ್ತು, ಕಲ್ಲುಪ್ಪು ಹಾಕಿ ಕಲ್ಲಿನ ಮೇಲೆ ತಿಕ್ಕಿ, ಹುಣಸೆರಸದಲ್ಲಿ ನೆನೆಹಾಕಿ ತೋರಿಸಿದಳು. ಮೂರು ಕಲ್ಲಿನ ಒಲೆಯ ಮೇಲೆ ಸಾರು ಮಾಡಿ ಮುದ್ದೆಯ ಜೊತೆ ಬಡಿಸಿದಳು. ಕೆಸರಿನ ಸುಳಿವೇ ಇಲ್ಲ. ನಮ್ಮವರು ಬೇಡ ಎನ್ನುತ್ತಲೇ ಒಂದು ಹೋಳು ತಿಂದರು.

ನನಗೆ ಸೋಜಿಗವಾದದ್ದು ಮರುವಾರ. ನಮ್ಮಲ್ಲಿ ಹೆಂಗಸರು ಮೀನು ಮಾರುತ್ತೇವೆ, ದೋಣಿ ಹತ್ತುವುದಿಲ್ಲ. ಇಲ್ಲಿ ಹುಟ್ಟು ಹಾಕುವವಳೇ ಶಿವಮ್ಮ, ಬಲೆ ಎತ್ತುವವನು ಅವಳ ಗಂಡ ಸಿದ್ದರಾಜು. ಗುಂಡಗಿನ ತೆಪ್ಪ ಬುಗುರಿಯ ಹಾಗೆ ತಿರುಗದೆ ನೆಟ್ಟಗೆ ಹೋಗಬೇಕಾದರೆ ಅವಳ ಕೈಯೇ ಬೇಕು. ನಮ್ಮವರೂ ಅವರೊಂದಿಗೆ ಹತ್ತಿದರು. ಬಲೆ ಮೇಲೆ ಬಂದದ್ದೇ ತಡ, ಅಭ್ಯಾಸಬಲದಿಂದ ಎದ್ದು ನಿಂತು ಅಂಚಿಗೆ ಬಾಗಿದರು. ತೆಪ್ಪ ವಾಲಿತು. ನಿಂತ ನೀರಿನ ಮೇಲೆ ಶಿವಮ್ಮನ ಮಾತು ದಡದಲ್ಲಿದ್ದ ನನಗೂ ಕೇಳಿಸಿತು.

"ಕೂತ್ಕಳಿ ಅಣ್ಣ. ಇದು ನಿಮ್ ಹಡಗಲ್ಲ. ನೀವ್ ಎದ್ಬುಟ್ರೆ ಮೂರೂ ಜನ ಮೀನ್ ಜೊತೆ ಸೇರ್ಕಂಡ್ಬುಡ್ತೀವಿ. ಇಲ್ಲಿ ಸುಮ್ನೆ ಕೂರೋದೂ ಒಂದ್ ಕೆಲ್ಸ ಕಣಣ್ಣ."

ಎಷ್ಟೋ ಜನರಿಗೆ ಅಪ್ಪಣೆ ಕೊಟ್ಟ ಮನುಷ್ಯ ಮಗುವಿನ ಹಾಗೆ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ದಡಕ್ಕೆ ಬಂದಾಗ ಸಿಟ್ಟಾಗಿರುತ್ತಾರೆಂದು ಹೆದರಿದ್ದೆ. ನಗುತ್ತಿದ್ದರು. ಬೆನ್ನು ಹಿಡಿದ ಮೇಲೆ ನಾನು ಕಂಡ ಮೊದಲ ನಗು ಅದು.

ಮಳೆ ಹಿಡಿದ ಮೇಲೆ ಮೀನು ಮರಿ ಮಾಡುವ ಕಾಲವೆಂದು ಇಲ್ಲಿಯೂ ನಮ್ಮಲ್ಲಿಯಂತೆ ಬಲೆ ದಡ ಸೇರಿತು. ನಮ್ಮವರು ವಾರಕ್ಕೆರಡು ಸಲ ಹೋಗಿ ಸಿದ್ದರಾಜುವಿನ ಜೊತೆ ಕೂತು ಹರಿದ ಬಲೆ ಹೆಣೆದರು. ಇಬ್ಬರ ಗಂಟೂ ಬೇರೆ ಬೇರೆ. ಯಾರ ಗಂಟು ಗಟ್ಟಿ ಎಂಬ ವಾದ ಇನ್ನೂ ಮುಗಿದಿಲ್ಲ.

ಅಷ್ಟರಲ್ಲಿ ಗಂಗೊಳ್ಳಿಯಿಂದ ದೋಣಿಯ ಧಣಿಗಳ ಫೋನು ಬಂತು. ನೂಲು ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ದೋಣಿ ಇಳಿಸುವುದು, ಬಂದುಬಿಡು ಎಂದರು. ನಮ್ಮವರು ಹೂಂ ಎಂದಷ್ಟೇ ಹೇಳಿ ಫೋನು ಇಟ್ಟರು. ಹುಣ್ಣಿಮೆಯ ಬೆಳಗ್ಗೆ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಒಂದು ತೆಂಗಿನಕಾಯಿ ಕೊಡು ಎಂದರು. ಗಂಗೊಳ್ಳಿಗೇ ಹೊರಟರು ಅಂದುಕೊಂಡೆ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

"ಕನ್ನಂಬಾಡಿ ಬಸ್ಸಿಗೆ ಹೊತ್ತ್ ಎಂತಕೆ? ನೀನೂ ಹೊರಡ್," ಎಂದರು. ದಾರಿಯಲ್ಲಿ ನಾನು ಕೇಳದಿದ್ದರೂ ತಾವೇ ಹೇಳಿದರು: "ಅಲ್ಲಿ ಹೋರೆ ಸುಮ್ನೆ ಕೂಕಂಬುಕೆ ಆತಿಲ್ಲೆ. ಇಲ್ಲಿ ಸುಮ್ನೆ ಕೂಕಂಡ್ರೇ ಮರ್ಯಾದಿ." ಅಲ್ಲಿಗೆ ಹೋದರೆ ಕೈಕಟ್ಟಿ ಕೂರಲು ತನ್ನಿಂದಾಗದು, ಬಲೆಗೆ ಕೈ ಹಾಕಿದರೆ ಮತ್ತೆ ಬೆನ್ನು ಹಿಡಿಯುತ್ತದೆ ಎಂದು ಅವರಿಗೇ ಗೊತ್ತಿತ್ತು.

ಅಂದು ನಾನೂ ತೆಪ್ಪ ಹತ್ತಿದೆ, ಹುಟ್ಟಿದ ಮೇಲೆ ಮೊದಲ ಸಲ. ದಡದಿಂದ ಸ್ವಲ್ಪ ದೂರ ಹೋದ ಮೇಲೆ ನಮ್ಮವರು ಕೂತಲ್ಲಿಂದಲೇ ಎರಡೂ ಕೈಯಲ್ಲಿ ಕಾಯಿಯನ್ನು ನೀರಿಗೆ ಬಿಟ್ಟು ಕಣ್ಣು ಮುಚ್ಚಿದರು. ಗಂಗೊಳ್ಳಿಯ ಸಮುದ್ರಪೂಜೆಯಲ್ಲಿ ಕಡಲಿಗೆ ಕೊಟ್ಟ ಕಾಯಿಯನ್ನು ಅಲೆ ತೆಗೆದುಕೊಂಡು ಹೋಗುತ್ತದೆ. ಇಲ್ಲಿ ಅದು ತೆಪ್ಪದ ಪಕ್ಕದಲ್ಲೇ ತೇಲುತ್ತಿತ್ತು. ನಾವು ಕಾದೆವು. ತೆಪ್ಪ ತಿರುಗಿದರೆ ಕಾಯಿಯೂ ತಿರುಗುತ್ತಿತ್ತು.

ಶಿವಮ್ಮನೂ ಕಾದಳು. ಕೊನೆಗೆ ಹುಟ್ಟಿನಿಂದ ಅದನ್ನು ಹತ್ತಿರಕ್ಕೆ ಎಳೆದು ಎತ್ತಿಕೊಂಡಳು. "ಈ ನೀರು ಏನೂ ಒಯ್ಯಾಕಿಲ್ಲ ಕಣಕ್ಕ. ಕೊಟ್ಟಿದ್ನ ವಾಪಸ್ ಕೊಡ್ತದೆ," ಎಂದಳು. ದಡಕ್ಕೆ ಬಂದ ಮೇಲೆ ಕಲ್ಲಿಗೆ ಒಡೆದು ಒಂದು ಹೋಳು ತಾನಿಟ್ಟುಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟಳು. ಕಡಲಿಗೆ ಕೊಟ್ಟ ಕಾಯಿಯನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ನಾನು ನಮ್ಮವರ ಮುಖ ನೋಡಿದೆ. ಮಸಾಲೆಗೆ ಅರೆದುಬಿಡು ಎಂದರು.

ಮನೆಗೆ ಬಂದು, ತಮ್ಮ ತಂದಿಟ್ಟಿದ್ದ ಕೆರೆಮೀನನ್ನು ಶಿವಮ್ಮ ಹೇಳಿದಂತೆ ತಿಕ್ಕಿ ತೊಳೆದೆ, ನಮ್ಮ ಅಮ್ಮ ಹೇಳಿಕೊಟ್ಟಂತೆ ಕಾಯಿ ಅರೆದೆ. ನಮ್ಮವರು ಎರಡು ಸಲ ಬಡಿಸಿಕೊಂಡು ಉಂಡರು. ಸಂಜೆ ಎಂದಿನಂತೆ ತಾರಸಿ ಹತ್ತಿ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತರು. ಗಾಳಿ ಹೇಗಿದೆ ಎಂದು ಕೇಳಿದೆ.

"ದೋಣಿ ಇಳ್ಸುಕೆ ಲಾಯ್ಕಿತ್ತ್," ಎಂದರು.

ಗಂಗೊಳ್ಳಿಯ ದೋಣಿಯೋ, ಕನ್ನಂಬಾಡಿಯ ತೆಪ್ಪವೋ ಎಂದು ನಾನು ಕೇಳಲಿಲ್ಲ.