ಕೆರೆ ಮೀನಿನ ಮನೆಗೆ ಬಂದ ಬಂಗುಡೆ

ಮೀನಿನ ವ್ಯಾಪಾರದಲ್ಲಿ ನನಗೆ ಮೋಸ ಮಾಡುವ ಅಂಗಡಿಯವನು ಬೊಮ್ಮಸಂದ್ರಕ್ಕೆ ಇನ್ನೂ ಬಂದಿಲ್ಲ. ಕಿವಿರು ಎತ್ತಿ ಬಣ್ಣ ನೋಡುತ್ತೇನೆ, ಬೆನ್ನನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ, ಒತ್ತಿದ ಜಾಗ ಮೇಲೇಳದಿದ್ದರೆ ಮಾತಾಡದೆ ಮುಂದಿನ ಅಂಗಡಿಗೆ ಹೋಗುತ್ತೇನೆ. ಇದು ತವರಿನಲ್ಲಿ ಕಲಿತ ವಿದ್ಯೆ. ಬೇಸಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಊರಿಗೆ ಊರೇ ಬಲೆ, ಕುಕ್ಕೆ ಹಿಡಿದು ಕೆಸರಿಗೆ ಇಳಿಯುತ್ತಿತ್ತು. ಗೆಂಡೆ, ಕೊರಮೀನು, ಗದ್ದೆಯ ಬದುವಿನ ಏಡಿ, ಎಲ್ಲವೂ ಗೊತ್ತಿತ್ತು. ಸಮುದ್ರದ ಮೀನು ಮಾತ್ರ ಗೊತ್ತಿರಲಿಲ್ಲ.

ಅದನ್ನು ನಮ್ಮ ಮನೆಗೆ ತಂದವಳು ಬಾಡಿಗೆಗೆ ಬಂದ ಹುಡುಗಿ. ಹೊಲವಿದ್ದ ಜಾಗದಲ್ಲಿ ನಾವು ಕಟ್ಟಿಸಿದ ರೂಮುಗಳಲ್ಲಿ ಮೇಲಿನ ಮಹಡಿಯ ಒಂದನ್ನು ಹಿಡಿದಿದ್ದಳು. ಉಡುಪಿ ಕಡೆಯವಳು, ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಬಂದ ಮೊದಲ ಭಾನುವಾರವೇ ಬಂಗುಡೆ ಹುರಿದಳು. ವಾಸನೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೆ ಬಂತು. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆ ಮೂಗಿಗೆ ಸೆರಗು ಹಿಡಿದರು.

"ಉಪ್ಪುನೀರಲ್ಲಿ ಬಿದ್ದಿರೋದನ್ನ ಎಂಗೆ ತಿಂತಾರೋ! ನಾನಂತೂ ಜನ್ಮದಲ್ಲಿ ಮುಟ್ಟಿಲ್ಲ."

ನೀರು ತುಂಬಿಸಲು ಕೆಳಗೆ ಬಂದಿದ್ದ ಹುಡುಗಿಗೆ ಅದು ಕೇಳಿಸಿತು. "ಅಜ್ಜಿ, ಮೊನ್ನೆ ನೀವು ಬದನೆಕಾಯಿಗೆ ಒಣ ಸಿಗಡಿ ಹಾಕಿ ಕೊಟ್ರಲ್ಲ, ಅದು ಎಲ್ಲಿಯದ್ದು?"

"ಅದು ಸಂತೇದು," ಎಂದರು ಅತ್ತೆ, ಒಂದಿಷ್ಟೂ ಅಳುಕದೆ.

ಹುಡುಗಿ ನಕ್ಕು ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ನನಗೆ ಮಾತ್ರ ಕುತೂಹಲ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ನಾನೇ ಹೋಗಿ ಬಂಗುಡೆ ತಂದೆ. ಮೀನು ಎಲ್ಲಿಯದಾದರೇನು, ಸಾರು ಸಾರೇ ಅಂದುಕೊಂಡು ಹುಣಸೆಹುಳಿ, ಧನಿಯಾಪುಡಿ ಹಾಕಿ, ಕೆರೆ ಮೀನಿಗೆ ಕುದಿಸುವಷ್ಟು ಹೊತ್ತು ಕುದಿಸಿದೆ, ಸೌಟಿನಿಂದ ತಿರುವಿಯೂ ಬಿಟ್ಟೆ. ಪಾತ್ರೆಯಲ್ಲಿ ಮೀನು ಕಾಣಲಿಲ್ಲ, ಮುಳ್ಳು ಕಂಡಿತು. ಹುಡುಗಿಯನ್ನು ಕರೆದು ತೋರಿಸಿದೆ.

"ಅಯ್ಯೋ ಅಕ್ಕ, ಸತ್ತ ಮೀನನ್ನ ಮತ್ತೊಮ್ಮೆ ಕೊಂದಿದ್ದೀರಲ್ಲ ಮಾರಾಯ್ರೆ!"

ಅಂದಿನಿಂದ ಭಾನುವಾರಗಳು ನಮ್ಮಿಬ್ಬರವಾದವು. ಬ್ಯಾಡಗಿ ಮೆಣಸಿನಕಾಯಿ ಹುರಿದು, ತೆಂಗಿನಕಾಯಿಯೊಂದಿಗೆ ಬೆಣ್ಣೆಯಂತೆ ರುಬ್ಬಬೇಕು. ಮಸಾಲೆ ಕುದಿ ಬಂದ ಮೇಲೆ ಮೀನು ಬಿಡಬೇಕು, ಸೌಟು ಹಾಕಬಾರದು, ಪಾತ್ರೆಯ ಅಂಚು ಹಿಡಿದು ಅಲ್ಲಾಡಿಸಬೇಕು. ಎರಡನೇ ಸಲಕ್ಕೇ ನನ್ನ ಕೈ ಕೂತಿತು. ಆಮೇಲೆ ಬೂತಾಯಿ, ಕಾಣೆ, ಸಿಗಡಿ. ಮರುವಾಯಿ ತಂದ ದಿನ ನಾನು ಚೀಲದೊಳಗೆ ನೋಡಿ ಜಲ್ಲಿಕಲ್ಲು ಅಂದುಕೊಂಡೆ. ಬಿಸಿನೀರಿಗೆ ಹಾಕಿದಾಗ ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಟ್ಟದ್ದನ್ನು ಮಗುವಿನಂತೆ ನಿಂತು ನೋಡಿದೆ. ಬೊಂಡಾಸನ್ನು, ಅದೇ ಸ್ಕ್ವಿಡ್ ಅನ್ನು, ಬಳೆ ಬಳೆಯಾಗಿ ಕತ್ತರಿಸಿ ಹುರಿದಾಗ, ಲೇತ್ ಮೆಷಿನ್ ಮೇಲೆ ಆಯಸ್ಸು ಕಳೆದ ನನ್ನ ಯಜಮಾನರು ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು, "ಇದೇನೇ, ನಮ್ ಫ್ಯಾಕ್ಟ್ರಿ ವಾಷರ್ ತಂದ್ ಹುರ್ದಿದ್ದೀಯ?" ಎಂದರು. ಹಾಗೆಂದವರೇ ತಟ್ಟೆ ಖಾಲಿ ಮಾಡಿದರು.

ಜನ ಅಂಜಲ್ ಅಂಜಲ್ ಎಂದು ಬಡಿದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅದು ಮುಳ್ಳಿಗೆ ಹೆದರುವವರ ಮೀನು. ರುಚಿ ಬೇಕೆಂದರೆ ಬೂತಾಯಿ. ರವೆಯಲ್ಲಿ ಹೊರಳಿಸಿ ಹುರಿಯುವುದಕ್ಕೆ ಕಾಣೆ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅತ್ತೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾವು ಮೀನು ತಿನ್ನುವಾಗ ಅವರು ಅಂಗಳದಲ್ಲಿ ಕೂತು ಮುದ್ದೆ, ಬಸ್ಸಾರು ಉಣ್ಣುತ್ತಿದ್ದರು.

ಹೀಗಿರುವಾಗ ಹುಡುಗಿಯ ತಾಯಿ ಮಗಳನ್ನು ನೋಡಲು ಬಂದರು. ಅವರನ್ನು ನಾನು ಊಟಕ್ಕೆ ಕರೆದೆ. ಹುಡುಗಿ ಹಿಂದಿನ ದಿನವೇ ಬಂದು ಪಿಸುಗುಟ್ಟಿದಳು. "ಅಕ್ಕ, ಅಮ್ಮ ಸಿಹಿನೀರಿನ ಮೀನು ಮುಟ್ಟುವುದಿಲ್ಲ, ಕೆಸರಿನ ವಾಸನೆ ಅಂತಾರೆ. ಕೋಳಿ ಮಾಡಿಬಿಡಿ."

"ಕೋಳಿ ಎಲ್ಲಾರ್ ಮನೇಲೂ ಸಿಗುತ್ತೆ ಕಣಮ್ಮ," ಎಂದೆ. "ನಮ್ಮನೆಗೆ ಬಂದ್ಮೇಲೆ ನಮ್ ಮೀನೇ."

ನಮ್ಮ ಕೆರೆಯಲ್ಲಿ ಈಗ ಮೀನು ಹಿಡಿಯುವವರಿಲ್ಲ. ಯಜಮಾನರು ಬೆಳಿಗ್ಗೆಯೇ ಅತ್ತಿಬೆಲೆ ಕಡೆ ಹೋಗಿ, ತೊಟ್ಟಿಯಲ್ಲಿ ಈಜುತ್ತಿದ್ದ ಕೊರಮೀನನ್ನು ಆರಿಸಿ ತಂದರು. ಅತ್ತೆ ಹಿತ್ತಲಿನ ಒರಟು ಕಲ್ಲಿನ ಮುಂದೆ ಕೂತು, ಬೂದಿ, ಕಲ್ಲುಪ್ಪು ಹಾಕಿ ತಿಕ್ಕತೊಡಗಿದರು. ಬೇಗ ಬಂದಿದ್ದ ಆ ತಾಯಿ ಸ್ವಲ್ಪ ಹೊತ್ತು ದೂರ ನಿಂತು ನೋಡಿದರು. ಆಮೇಲೆ ಸೀರೆ ಎತ್ತಿಕಟ್ಟಿ ಪಕ್ಕದಲ್ಲೇ ಕೂತರು.

"ಬೂದಿ ಹಾಕಿದ್ರೆ ಲೋಳೆ ಪೂರ್ತಿ ಹೋಗ್ತದಾ ಅಮ್ಮ?"

"ಓಗ್ದೆ ಏನು? ಕೆಸ್ರು ವಾಸ್ನೆ ಅಂತಾರಲ್ಲ, ಅದು ಮೀನ್ದಲ್ಲ, ಸರಿಯಾಗಿ ತಿಕ್ಕದೆ ಇರೋರ್ದು."

ಆ ತಾಯಿ ಜೋರಾಗಿ ನಕ್ಕರು. ಆಮೇಲೆ ಇಬ್ಬರೂ ಸೇರಿ ತೊಳೆದರು.

ಮಣ್ಣಿನ ಮಡಕೆಯಲ್ಲಿ ಹುಳಿಮಾವು ಹಾಕಿ ಸಾರು ಮಾಡಿದೆ. ತೆಂಗಿನಕಾಯಿ ಹಾಕಲಿಲ್ಲ, ಅವರ ಊರಿನ ರುಚಿಯನ್ನು ಅವರಿಗೇ ಯಾಕೆ ಬಡಿಸಬೇಕು? ಅವರೂ ಬರಿಗೈಯಲ್ಲಿ ಬಂದಿರಲಿಲ್ಲ. ಮಗಳ ರೂಮಿನಲ್ಲಿ ಮಾಡಿದ, ಹುಳಿ-ಖಾರದ ಬಂಗುಡೆ ಪುಳಿಮುಂಚಿ ತಂದಿದ್ದರು. ಊಟಕ್ಕೆ ಕೂತಾಗ ಅವರು ನೇರವಾಗಿ ಅತ್ತೆಯ ತಟ್ಟೆಗೇ ಒಂದು ಮೀನು ಬಡಿಸಿದರು. ಮಗಳು ಬೇಡವೆಂದು ಕಣ್ಣುಸನ್ನೆ ಮಾಡಿದಳು, ಅವರು ನೋಡಲಿಲ್ಲ.

ಅತ್ತೆ ತಟ್ಟೆಯನ್ನು ನೋಡಿದರು, ಆಕೆಯನ್ನು ನೋಡಿದರು. ಜೊತೆಗೆ ಕೂತು ಮೀನು ತಿಕ್ಕಿದವಳ ಕೈಯ ಅಡುಗೆ. ಮುದ್ದೆಯ ಒಂದು ತುತ್ತನ್ನು ಪುಳಿಮುಂಚಿಯಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು. ಕೊನೆಗೆ ತಲೆಯನ್ನೂ ಬಿಡದೆ ಚೀಪಿ, "ಮುಳ್ಳು ಕಮ್ಮಿ ಐತೆ, ವಾಸಿ," ಎಂದರು. ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ನನ್ನ ಅಡುಗೆಗೂ ಕೇಳಿಲ್ಲ.

ಆ ತಾಯಿಗೆ ಮುದ್ದೆ ನುಂಗಲು ಬರಲಿಲ್ಲ, ಅಗಿಯುತ್ತಲೇ ಇದ್ದರು. ಆದರೆ ಸಾರನ್ನು ಅನ್ನಕ್ಕೆ ಎರಡು ಸಲ ಹಾಕಿಸಿಕೊಂಡರು.

"ತೆಂಗಿನಕಾಯಿ ಇಲ್ಲದ್ದು ಎಂತ ಸಾರು ಅಂತ ಅಂದುಕೊಂಡಿದ್ದೆ," ಎಂದರು. "ಮೀನು ಗಟ್ಟಿ ಉಂಟು, ಒಳ್ಳೇದುಂಟು."

"ನಾಳೆ ಇನ್ನೂ ಚೆನ್ನಾಗಿರುತ್ತೆ," ಎಂದೆ.

ಮಾರನೆಯ ದಿನ ಅವರು ಕೆಳಗಿಳಿದು ಬಂದು, ದೋಸೆಯ ಜೊತೆ ಉಳಿದ ಸಾರನ್ನು ಕೇಳಿ ಹಾಕಿಸಿಕೊಂಡರು. ಊರು ತಲುಪಿದ ವಾರದೊಳಗೆ ಫೋನು ಬಂತು.

"ನಮ್ಮ ಪೇಟೆಯಲ್ಲಿ ಕೊರಮೀನು ಸಿಗ್ತದಾ ಕೇಳಿದೆ ಮಾರಾಯ್ರೆ. ಸಮುದ್ರ ಎದುರಿಗೆ ಇಟ್ಕೊಂಡು ಕೆರೆ ಮೀನು ಕೇಳ್ತೀರಲ್ಲ ಅಂತ ಮೀನಿನ ಹೆಂಗಸರೆಲ್ಲ ನಗಾಡಿದ್ರು."

"ನಗ್ಲಿ ಬಿಡಿ," ಎಂದೆ. "ನೀವು ಇಲ್ಲಿಗೇ ಬನ್ನಿ. ಬರುವಾಗ ಐಸ್ ಹಾಕಿ ಕಾಣೆ ತನ್ನಿ. ಅತ್ತೆ ದಿನಾ ಕೇಳ್ತಾರೆ, ನಿಮ್ಮನ್ನೋ ಮೀನನ್ನೋ ಅಂತ ಮಾತ್ರ ಹೇಳಲ್ಲ."